ಸಿಲೋವ ಕೊಳಕ್ಕೆ ನಡೆದ ಹುಟ್ಟುಕುರುಡ: ನಂಬಿಕೆ ಮತ್ತು ವಿಧೇಯತೆಯ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಯೋಹಾನನು ಬರೆದ ಸುವಾರ್ತೆಯ 9ನೆಯ ಅಧ್ಯಾಯವನ್ನು ಓದಿದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿ ಉತ್ತರಿಸಲಾಗಿದೆ. ಉತ್ತರಗಳನ್ನು ಓದುವ ಮೊದಲು ಆ ಅಧ್ಯಾಯದ 41 ವಚನಗಳನ್ನು ಒಮ್ಮೆ ಪೂರ್ತಿಯಾಗಿ ಓದಿಕೊಳ್ಳುವುದು ಒಳ್ಳೆಯದು. ಗುಣಪಡಿಸಿದ ಭಾಗವನ್ನು ಮಾತ್ರ ಓದಿ ಅಲ್ಲಿಗೇ ನಿಲ್ಲಿಸುವವರು ಬಹಳ ಮಂದಿ ಇದ್ದಾರೆ. ಆದರೆ ನಂಬಿಕೆಯ ಕುರಿತು ಈ ಅಧ್ಯಾಯ ಹೇಳುವ ಮುಖ್ಯವಾದ ಮಾತೆಲ್ಲ ಅದರ ನಂತರವೇ ಬರುತ್ತದೆ.

ಈ ಪ್ರಸಂಗದಲ್ಲಿ ನಡೆದದ್ದೇನು?

ಯೆರೂಸಲೇಮಿನಲ್ಲಿ ಯೇಸು ದಾರಿಯಲ್ಲಿ ಹೋಗುತ್ತಿರುವಾಗ ಹುಟ್ಟಿನಿಂದಲೇ ಕಣ್ಣು ಕಾಣದ ಒಬ್ಬ ಮನುಷ್ಯನನ್ನು ನೋಡುತ್ತಾನೆ. ಇವನ ಕುರುಡುತನಕ್ಕೆ ಯಾರ ಪಾಪ ಕಾರಣವೆಂದು ಶಿಷ್ಯರು ಕೇಳುತ್ತಾರೆ. ಆ ಪ್ರಶ್ನೆಯಲ್ಲಿದ್ದ ಊಹೆಯನ್ನೇ ಯೇಸು ತಳ್ಳಿಹಾಕಿ, ನೆಲಕ್ಕೆ ಉಗುಳಿ, ಉಗುಳಿನಿಂದ ಕೆಸರು ಮಾಡಿ, ಅದನ್ನು ಆ ಮನುಷ್ಯನ ಕಣ್ಣುಗಳಿಗೆ ಹಚ್ಚಿ, ಸಿಲೋವ ಕೊಳಕ್ಕೆ ಹೋಗಿ ತೊಳೆದುಕೊಳ್ಳುವಂತೆ ಹೇಳುತ್ತಾನೆ. ಅವನು ಹೋದನು, ತೊಳೆದುಕೊಂಡನು, ಕಣ್ಣುಳ್ಳವನಾಗಿ ಬಂದನು. ಸುವಾರ್ತಿಕನು ಈ ಅದ್ಭುತಕ್ಕೆ ಕೊಟ್ಟಿರುವ ಸ್ಥಳ ಇಷ್ಟೇ.

ಆಮೇಲೆ ವಿಚಾರಣೆ ಆರಂಭವಾಗುತ್ತದೆ. ನೆರೆಹೊರೆಯವರು ಪ್ರಶ್ನಿಸುತ್ತಾರೆ, ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದ ಯೆಹೂದಿ ಪಂಗಡದವರಾದ ಫರಿಸಾಯರು ಪ್ರಶ್ನಿಸುತ್ತಾರೆ, ತಂದೆತಾಯಿಗಳನ್ನು ಕರೆಸಲಾಗುತ್ತದೆ, ಅವನನ್ನು ಎರಡನೆಯ ಸಾರಿ ಕರೆದು ಗದರಿಸಲಾಗುತ್ತದೆ, ಕಡೆಗೆ ಹೊರಗೆ ಹಾಕಲಾಗುತ್ತದೆ. 8ನೆಯ ವಚನದಿಂದ 34ನೆಯ ವಚನದವರೆಗೆ, ಅಂದರೆ 27 ವಚನಗಳ ಉದ್ದಕ್ಕೂ, ಯೇಸು ಕಾಣಿಸಿಕೊಳ್ಳುವುದಿಲ್ಲ. ಆ ಮನುಷ್ಯನನ್ನು ಹೊರಗೆ ಹಾಕಿದ ಸುದ್ದಿ ಕೇಳಿದ ಮೇಲೆಯೇ ಆತನು ಅವನನ್ನು ಕಂಡು ಮಾತನಾಡಿಸುತ್ತಾನೆ.

ಬರಿಯ ಮಾತಿನಿಂದಲೇ ಗುಣಪಡಿಸಬಹುದಾಗಿದ್ದ ಯೇಸು ಕೆಸರನ್ನು ಬಳಸಿದ್ದೇಕೆ? ಕೊಳಕ್ಕೆ ಕಳುಹಿಸಿದ್ದೇಕೆ?

ಸುವಾರ್ತೆ ಇದಕ್ಕೆ ನೇರವಾಗಿ ಕಾರಣ ಕೊಡುವುದಿಲ್ಲ. ಇದೇ ಸುವಾರ್ತೆಯ 4ನೆಯ ಅಧ್ಯಾಯದಲ್ಲಿ ಅರಸನ ಅಧಿಕಾರಿಯೊಬ್ಬನ ಮಗನನ್ನು ಯೇಸು ದೂರದಿಂದ ಮಾತಿನಿಂದಲೇ ಬದುಕಿಸಿದ್ದನು. ಆದ್ದರಿಂದ ಕೆಸರಿನಲ್ಲಿಯಾಗಲಿ ನೀರಿನಲ್ಲಿಯಾಗಲಿ ಔಷಧದ ಗುಣವಿತ್ತೆಂದು ಭಾವಿಸಬೇಕಾಗಿಲ್ಲ. ಮಾರ್ಕನ ಸುವಾರ್ತೆಯಲ್ಲಿಯೂ ಎರಡು ಕಡೆ, ಕಿವುಡನಾಗಿ ಮಾತು ತೊದಲುತ್ತಿದ್ದವನ ವಿಷಯದಲ್ಲಿ ಮತ್ತು ಬೆತ್ಸಾಯಿದದ ಕುರುಡನ ವಿಷಯದಲ್ಲಿ, ಯೇಸು ಉಗುಳನ್ನು ಬಳಸಿದ್ದುಂಟು. ಕಾಣದವನಿಗೂ ಕೇಳದವನಿಗೂ ಸ್ಪರ್ಶವೇ ಭಾಷೆ ಎಂಬುದನ್ನು ನೆನೆದರೆ, ಕಣ್ಣಿನ ಮೇಲೆ ಬಿದ್ದ ಆ ತಣ್ಣನೆಯ ಮಣ್ಣು ಅವನಿಗೆ ಎಷ್ಟು ಹೇಳಿರಬಹುದೆಂದು ತೋರುತ್ತದೆ.

ಎರಡನೆಯ ಶತಮಾನದಲ್ಲಿ ಐರೆನೇಯಸನೆಂಬ ಸಭಾಪಿತೃ (ಆದಿ ಸಭೆಯ ಬೋಧಕ) ಈ ಮಣ್ಣನ್ನು ಆದಿಕಾಂಡದ ಮಣ್ಣಿನೊಡನೆ ಸೇರಿಸಿ ಓದಿದನು. ನೆಲದ ಮಣ್ಣಿನಿಂದ ಮನುಷ್ಯನನ್ನು ರೂಪಿಸಿದ ಕೈಯೇ ಗರ್ಭದಲ್ಲಿ ರೂಪುಗೊಳ್ಳದೆ ಉಳಿದಿದ್ದ ಕಣ್ಣನ್ನು ಈಗ ಪೂರ್ಣಗೊಳಿಸಿತು ಎಂಬುದು ಅವನ ವಿವರಣೆ. ಈ ಓದು ನನಗೆ ಬಹಳ ಹಿಡಿಸುತ್ತದೆ, ಏಕೆಂದರೆ ಈ ಮನುಷ್ಯನು ಕಳೆದುಕೊಂಡದ್ದನ್ನು ಮರಳಿ ಪಡೆಯಲಿಲ್ಲ, ಹಿಂದೆಂದೂ ಇಲ್ಲದಿದ್ದದ್ದನ್ನು ಪಡೆದನು.

ಆದರೆ ಕೊಳಕ್ಕೆ ಕಳುಹಿಸಿದ್ದರ ಅರ್ಥ ಬೇರೆಯೇ ಇದೆ. ಅಲ್ಲಿಯೇ ಕಣ್ಣು ತೆರೆಸಿದ್ದರೆ ಆ ಮನುಷ್ಯನು ಮಾಡುವಂಥದ್ದು ಏನೂ ಇರುತ್ತಿರಲಿಲ್ಲ. ಯೇಸು ಅವನಿಗೆ ಒಂದು ಕೆಲಸ ಕೊಟ್ಟನು. ಅದು ಕಾಣದವನೂ ಮಾಡಬಲ್ಲ, ಆದರೆ ಸುಮ್ಮನೆ ಕುಳಿತಲ್ಲಿಂದ ಮಾಡಲಾಗದ ಕೆಲಸ.

ಸಿಲೋವ ಕೊಳ ನಿಜವಾಗಿಯೂ ಇತ್ತೇ?

ಇತ್ತು. ಯೆರೂಸಲೇಮಿನ ದಕ್ಷಿಣದ ತಗ್ಗಿನಲ್ಲಿ, ದಾವೀದನ ಪಟ್ಟಣವೆಂದು ಕರೆಯಲಾಗುವ ದಿಬ್ಬದ ಕೆಳತುದಿಯಲ್ಲಿ ಅದು ಇತ್ತು. ಅರಸನಾದ ಹಿಜ್ಕೀಯನು ನೀರನ್ನು ಪಟ್ಟಣದೊಳಕ್ಕೆ ತಂದನೆಂದು ಎರಡನೆಯ ಅರಸುಗಳು 20:20 ಹೇಳುತ್ತದೆ; ಅದು ಗೀಹೋನ್ ಬುಗ್ಗೆಯ ನೀರು. ಬಂಡೆಯನ್ನು ಕೊರೆದು ಮಾಡಿದ, ಸುಮಾರು 533 ಮೀಟರ್ ಉದ್ದದ ಸುರಂಗದಲ್ಲಿ ಇಂದಿಗೂ ನೀರು ಹರಿಯುತ್ತದೆ. 1880ರಲ್ಲಿ ಆ ಸುರಂಗದ ಗೋಡೆಯಲ್ಲಿ ಸಿಕ್ಕಿದ ಹೀಬ್ರೂ ಶಾಸನವು ಎರಡು ಕಡೆಯಿಂದ ಕೊರೆಯುತ್ತ ಬಂದ ಕೆಲಸಗಾರರು ಒಬ್ಬರ ಧ್ವನಿಯನ್ನು ಒಬ್ಬರು ಕೇಳಿಸಿಕೊಂಡು ನಡುವೆ ಸಂಧಿಸಿದ್ದನ್ನು ವರ್ಣಿಸುತ್ತದೆ. ಕತ್ತಲೆಯಲ್ಲಿ ಧ್ವನಿಯನ್ನು ಹಿಡಿದು ನಡೆದವರು ತಂದ ನೀರಿನ ಬಳಿಗೆ ಹಲವು ಶತಮಾನಗಳ ಮೇಲೆ ಇನ್ನೊಬ್ಬನು ಧ್ವನಿಯೊಂದನ್ನು ಹಿಡಿದೇ ನಡೆದು ಬಂದನೆಂಬುದು ನನ್ನ ಮನಸ್ಸಿನಿಂದ ಹೋಗದ ಚಿತ್ರ.

ಬಹುಕಾಲ ಯಾತ್ರಿಕರಿಗೆ ತೋರಿಸುತ್ತಿದ್ದದ್ದು ಸುರಂಗದ ಬಾಯಿಯಲ್ಲಿರುವ, ಬೈಜಾಂಟಿಯನ್ ಕಾಲದ ಚಿಕ್ಕ ಕೊಳವನ್ನು. 2004ರಲ್ಲಿ ಕೊಳವೆ ದುರಸ್ತಿಯ ಕೆಲಸ ನಡೆಯುತ್ತಿದ್ದಾಗ ಅದರ ಸಮೀಪದಲ್ಲಿ ಅಗಲವಾದ ಕಲ್ಲಿನ ಮೆಟ್ಟಿಲುಗಳು ಹೊರಬಂದವು. ರೋನಿ ರೈಖ್ ಮತ್ತು ಏಲಿ ಶುಕ್ರೋನ್ ಎಂಬ ಪುರಾತತ್ತ್ವಜ್ಞರು ಅವನ್ನು ಎರಡನೆಯ ದೇವಾಲಯದ ಕಾಲದ, ಅಂದರೆ ಯೇಸುವಿನ ಕಾಲವೂ ಸೇರಿದ ಯುಗದ, ಸಿಲೋವ ಕೊಳದ ಮೆಟ್ಟಿಲುಗಳೆಂದು ಗುರುತಿಸಿದರು. ಪರ್ಣಶಾಲೆಗಳ ಹಬ್ಬದಲ್ಲಿ ದೇವಾಲಯದ ಯಜ್ಞವೇದಿಯ ಮೇಲೆ ಸುರಿಯುವ ನೀರನ್ನು ಚಿನ್ನದ ಪಾತ್ರೆಯಲ್ಲಿ ತರುತ್ತಿದ್ದದ್ದು ಸಿಲೋವದಿಂದಲೇ ಎಂದು ಯೆಹೂದ್ಯರ ಮಿಷ್ನಾ ಗ್ರಂಥ ತಿಳಿಸುತ್ತದೆ. ಯೋಹಾನನ 7ನೆಯ ಅಧ್ಯಾಯದ ಘಟನೆಗಳು ಆ ಹಬ್ಬದಲ್ಲಿಯೇ ನಡೆಯುತ್ತವೆ, ಬಾಯಾರಿದವನು ನನ್ನ ಬಳಿಗೆ ಬಂದು ಕುಡಿಯಲಿ ಎಂದು ಯೇಸು ಕೂಗಿ ಹೇಳಿದ್ದೂ ಅಲ್ಲಿಯೇ.

ಸಿಲೋವ ಎಂಬ ಹೆಸರಿಗೆ ಕಳುಹಿಸಲ್ಪಟ್ಟವನು ಎಂದು ಅರ್ಥ ಎಂದು ಸುವಾರ್ತಿಕನೇ ವಿವರಿಸುತ್ತಾನೆ. ಈ ಸುವಾರ್ತೆಯ ಉದ್ದಕ್ಕೂ ಯೇಸು ತನ್ನನ್ನು ತಂದೆಯಿಂದ ಕಳುಹಿಸಲ್ಪಟ್ಟವನೆಂದು ಹೇಳಿಕೊಳ್ಳುತ್ತಾನೆ. ತಂದೆಯ ಮಾತಿಗೆ ವಿಧೇಯನಾಗಿ ಬಂದವನೇ ಈ ಮನುಷ್ಯನನ್ನು ಕಳುಹಿಸುತ್ತಾನೆ, ಆದ್ದರಿಂದ ವಿಧೇಯತೆ ಎಂಬುದು ಇಲ್ಲಿ ಮೇಲಿನವನು ಕೆಳಗಿನವನ ಮೇಲೆ ಹೊರಿಸಿದ ಹೊರೆಯಾಗಿ ಕಾಣುವುದಿಲ್ಲ.

ಕೊಳಕ್ಕೆ ಹೊರಟಾಗ ಆ ಮನುಷ್ಯನಲ್ಲಿ ನಂಬಿಕೆ ಇತ್ತೇ?

ಈ ಪುಟದಲ್ಲಿ ನಾನು ಅತಿ ಮುಖ್ಯವೆಂದು ಎಣಿಸುವ ಪ್ರಶ್ನೆ ಇದು. ಇದಕ್ಕೆ ಉತ್ತರಿಸುವ ಮೊದಲು ಅವನ ಬಳಿ ಏನೇನು ಇರಲಿಲ್ಲವೆಂಬುದನ್ನು ಗಮನಿಸಬೇಕು.

ಮೊದಲನೆಯದಾಗಿ, ಅವನು ಏನನ್ನೂ ಬೇಡಿಕೊಂಡಿರಲಿಲ್ಲ. ಯೆರಿಕೋವಿನ ಕುರುಡ ಭಿಕ್ಷುಕ ಬಾರ್ತಿಮಾಯನು ಯೇಸುವನ್ನು ದಾವೀದನ ಕುಮಾರನೇ ಎಂದು ಕೂಗಿ ಕರೆದನು, ಜನರು ಗದರಿಸಿದರೂ ಬಿಡಲಿಲ್ಲ. ಈ ಮನುಷ್ಯನಾದರೋ ಯಾರನ್ನೂ ಕರೆಯಲಿಲ್ಲ. ಎರಡನೆಯದಾಗಿ, ತನ್ನನ್ನು ಮುಟ್ಟಿದವನ ಹೆಸರಿನಾಚೆಗೆ ಅವನಿಗೆ ಏನೂ ತಿಳಿದಂತೆ ಕಾಣುವುದಿಲ್ಲ. ಮೂರನೆಯದಂತೂ ಬಹಳ ಮಂದಿಯ ಗಮನಕ್ಕೆ ಬರುವುದಿಲ್ಲ: ಯೇಸು ಅವನಿಗೆ ವಾಗ್ದಾನವನ್ನೇ ಕೊಟ್ಟಿಲ್ಲ. 7ನೆಯ ವಚನವನ್ನು ಮತ್ತೆ ಓದಿ ನೋಡಿರಿ. ಹೋಗಿ ತೊಳೆದುಕೋ ಎಂಬುದಷ್ಟೇ ಅಲ್ಲಿದೆ, ತೊಳೆದುಕೊಂಡರೆ ನಿನಗೆ ಕಣ್ಣು ಬರುವುದು ಎಂಬ ಮಾತು ಇಲ್ಲ.

ಹೀಗಿದ್ದರೂ ಅವನು ಎದ್ದು ಹೊರಟನು. ಕಣ್ಣಿನ ಮೇಲೆ ಒಣಗುತ್ತಿರುವ ಕೆಸರನ್ನು ಹೊತ್ತುಕೊಂಡು, ಜನರ ನಡುವೆ, ಇಳಿಜಾರಿನ ತುದಿಯಲ್ಲಿರುವ ಕೊಳದವರೆಗೆ ಹೋದನು. ಎಲ್ಲಿಂದ ಹೊರಟನೆಂದು ಸುವಾರ್ತೆ ತಿಳಿಸುವುದಿಲ್ಲ, ಆದರೆ ದೇವಾಲಯದ ಸಮೀಪದಿಂದ ಹೊರಟಿದ್ದರೆ ಅದು ಅರ್ಧ ಕಿಲೋಮೀಟರಿಗಿಂತ ಹೆಚ್ಚಿನ ದಾರಿ. ಅವನ ಕಣ್ಣು ತೆರೆದದ್ದು ದಾರಿಯ ಕೊನೆಯಲ್ಲಿ, ಆದ್ದರಿಂದ ಹೋಗುವಾಗಿನ ಪ್ರತಿಯೊಂದು ಹೆಜ್ಜೆಯನ್ನೂ ಅವನು ಕುರುಡನಾಗಿಯೇ ಇಟ್ಟನು.

ಇದನ್ನು ನಂಬಿಕೆ ಎಂದು ಕರೆಯಬಹುದೇ? ಕರೆಯಬಹುದು, ಆದರೆ ಅದು ಬೀಜದ ರೂಪದಲ್ಲಿರುವ ನಂಬಿಕೆ. ಒಬ್ಬನ ಮಾತನ್ನು ಕೇಳಿ, ಅದರ ಮೇಲೆ ತನ್ನ ಕಾಲನ್ನು ಊರುವಷ್ಟು ಮಾತ್ರದ ನಂಬಿಕೆ. ಮುಂದೆ ಅದು ಬೆಳೆಯುವುದನ್ನು ಸುವಾರ್ತಿಕನು ಎಚ್ಚರಿಕೆಯಿಂದ ದಾಖಲಿಸುತ್ತಾನೆ. ನೆರೆಯವರು ಕೇಳಿದಾಗ ಅವನು ಯೇಸುವೆಂಬ ಮನುಷ್ಯನು ಹೀಗೆ ಮಾಡಿದನು ಎನ್ನುತ್ತಾನೆ. ಫರಿಸಾಯರು ಕೇಳಿದಾಗ ಆತನು ಪ್ರವಾದಿ ಎನ್ನುತ್ತಾನೆ. ಎರಡನೆಯ ವಿಚಾರಣೆಯಲ್ಲಿ, ಆತನು ದೇವರಿಂದ ಬಂದವನಲ್ಲದಿದ್ದರೆ ಏನನ್ನೂ ಮಾಡಲಾರದೆ ಇದ್ದನು ಎಂದು ವಾದಿಸುತ್ತಾನೆ. ಕಡೆಗೆ ಯೇಸುವಿನ ಎದುರಿಗೆ, ಕರ್ತನೇ, ನಂಬುತ್ತೇನೆ ಎಂದು ಹೇಳಿ ಅಡ್ಡಬೀಳುತ್ತಾನೆ. ಮನುಷ್ಯ, ಪ್ರವಾದಿ, ದೇವರಿಂದ ಬಂದವನು, ಕರ್ತನು ಎಂಬ ಈ ಮೆಟ್ಟಿಲುಗಳನ್ನು ಅವನು ಹತ್ತಿದ್ದು ಕೊಳದಿಂದ ಹಿಂದಿರುಗಿದ ಮೇಲೆ. ಎಲ್ಲವನ್ನೂ ತಿಳಿದ ಮೇಲೆ ವಿಧೇಯನಾಗುತ್ತೇನೆ ಎಂದು ಅವನು ಕಾದಿದ್ದರೆ, ತಿಳಿಯುವ ಅವಕಾಶವೇ ಅವನಿಗೆ ಸಿಗುತ್ತಿರಲಿಲ್ಲ.

ಇದಕ್ಕೆ ಎರಡು ಅಧ್ಯಾಯಗಳ ಹಿಂದೆ, 7:17ರಲ್ಲಿ, ದೇವರ ಚಿತ್ತದಂತೆ ನಡೆಯಲು ಮನಸ್ಸುಳ್ಳವನಿಗೆ ಈ ಬೋಧನೆ ದೇವರಿಂದ ಬಂದದ್ದೋ ಎಂಬುದು ತಿಳಿಯುವುದು ಎಂದು ಯೇಸು ಹೇಳಿದ್ದನು. ಆ ಮಾತಿಗೆ ಕೈಕಾಲು ಬಂದು ನಡೆದಾಡಿದಂತೆ ಈ ಮನುಷ್ಯನ ಕಥೆ ಇದೆ.

ಹಾಗಾದರೆ ನಾವು ವಿಧೇಯರಾದದ್ದಕ್ಕೆ ಪ್ರತಿಫಲವಾಗಿ ದೇವರು ಕೃಪೆ ತೋರಿಸುತ್ತಾನೆಯೇ?

ಇಲ್ಲ. ಈ ಪ್ರಸಂಗದಲ್ಲಿ ಮೊದಲು ನೋಡಿದವನು ಯೇಸು, ಮೊದಲು ಕೈ ಚಾಚಿದವನೂ ಯೇಸು, ಕೆಸರು ಹಚ್ಚಿದವನೂ ಆತನೇ. ಆ ಮನುಷ್ಯನು ಎದ್ದು ನಿಲ್ಲುವ ಮುಂಚೆಯೇ ಕೃಪೆ ಅವನ ಮುಖವನ್ನು ಮುಟ್ಟಿತ್ತು. ನಡಿಗೆ ಆ ಕೃಪೆಗೆ ಕೊಟ್ಟ ಬೆಲೆಯಲ್ಲ, ಅದನ್ನು ಸ್ವೀಕರಿಸಿದ ರೀತಿ.

ಕೃಪೆಯಿಂದ ನಂಬಿಕೆಯ ಮೂಲಕ ರಕ್ಷಣೆಯಾಯಿತು, ಅದು ಕ್ರಿಯೆಗಳಿಂದಾದದ್ದಲ್ಲ ಎಂದು ಎಫೆಸದವರಿಗೆ ಬರೆದ ಪೌಲನೇ ಅದರ ಮುಂದಿನ ವಾಕ್ಯದಲ್ಲಿ, ಸತ್ಕ್ರಿಯೆಗಳಲ್ಲಿ ನಡೆಯುವುದಕ್ಕಾಗಿಯೇ ನಾವು ಸೃಷ್ಟಿಸಲ್ಪಟ್ಟೆವು ಎನ್ನುತ್ತಾನೆ. ರೋಮಾಪುರದವರಿಗೆ ಬರೆದ ಪತ್ರಿಕೆಯ ಆರಂಭದಲ್ಲಿಯೂ ಅಂತ್ಯದಲ್ಲಿಯೂ ಅವನು ನಂಬಿಕೆ ಮತ್ತು ವಿಧೇಯತೆ ಎಂಬ ಎರಡು ಪದಗಳನ್ನು ಬಿಡಿಸಲಾಗದಂತೆ ಹೆಣೆದಿದ್ದಾನೆ. ಇವೆರಡನ್ನೂ ಬೇರೆಬೇರೆ ಪೆಟ್ಟಿಗೆಗಳಲ್ಲಿಟ್ಟು ಯಾವುದು ಮೊದಲು ಎಂದು ತರ್ಕಿಸುವುದು ದೇವಶಾಸ್ತ್ರದ ತರಗತಿಯಲ್ಲಿ ಅಗತ್ಯವಾಗಿರಬಹುದು. ಸಿಲೋವದ ದಾರಿಯಲ್ಲಿ ಅವೆರಡೂ ಒಂದೇ ಹೆಜ್ಜೆಯಾಗಿದ್ದವು.

ಇದು ನಾಮಾನನ ಕಥೆಯ ಹಾಗೆಯೇ ಇದೆಯಲ್ಲವೇ?

ಹೋಲಿಕೆ ಇದೆ. ಎರಡನೆಯ ಅರಸುಗಳು 5ನೆಯ ಅಧ್ಯಾಯದಲ್ಲಿ ಕುಷ್ಠರೋಗಿಯಾಗಿದ್ದ ಅರಾಮ್ ದೇಶದ ಸೇನಾಪತಿ ನಾಮಾನನಿಗೆ ಪ್ರವಾದಿಯಾದ ಎಲೀಷನು ಯೊರ್ದನ್ ಹೊಳೆಯಲ್ಲಿ ಏಳು ಸಾರಿ ಸ್ನಾನ ಮಾಡುವಂತೆ ಹೇಳಿಕಳುಹಿಸುತ್ತಾನೆ. ನಾಮಾನನಿಗೆ ಸಿಟ್ಟು ಬರುತ್ತದೆ. ಪ್ರವಾದಿ ತಾನೇ ಹೊರಗೆ ಬಂದು ಕೈಯಾಡಿಸಿ ಗುಣಪಡಿಸುವನೆಂದು ಅವನು ಎಣಿಸಿದ್ದನು, ತನ್ನ ದಮಸ್ಕದ ನದಿಗಳು ಇದಕ್ಕಿಂತ ಉತ್ತಮವೆಂದೂ ಗೊಣಗಿದನು. ಸೇವಕರು ಒಲಿಸಿದ ಮೇಲೆಯೇ ನೀರಿಗೆ ಇಳಿದನು. ಅವನಿಗೆ ಶುದ್ಧನಾಗುವಿ ಎಂಬ ಸ್ಪಷ್ಟ ವಾಗ್ದಾನವಿತ್ತು, ಆದರೂ ತಡವರಿಸಿದನು. ಕೊಳಕ್ಕೆ ಹೋದವನಿಗೆ ಅದೂ ಇರಲಿಲ್ಲ. ನಾಮಾನನು ಕಡೆಗೂ ಗುಣವಾದನೆಂಬುದನ್ನು ಮರೆಯಬಾರದು: ಗೊಣಗಿಕೊಂಡು ವಿಧೇಯನಾದವನನ್ನೂ ದೇವರು ತಳ್ಳಿಬಿಡಲಿಲ್ಲ. ಸಂಶಯವನ್ನು ಜೊತೆಯಲ್ಲಿಟ್ಟುಕೊಂಡೇ ಹೆಜ್ಜೆ ಇಡುವವರಿಗೆ ಇದು ಧೈರ್ಯ ಕೊಡುವ ಸಂಗತಿ.

ಯಾರ ಪಾಪದಿಂದ ಇವನು ಕುರುಡನಾಗಿ ಹುಟ್ಟಿದನೆಂಬ ಪ್ರಶ್ನೆಗೆ ಯೇಸು ಕೊಟ್ಟ ಉತ್ತರವೇನು?

ಇವನೂ ಪಾಪ ಮಾಡಲಿಲ್ಲ, ಇವನ ತಂದೆತಾಯಿಗಳೂ ಮಾಡಲಿಲ್ಲ ಎಂಬುದೇ ಉತ್ತರ. ಲೋಕದಲ್ಲಿ ಪಾಪವೇ ಇಲ್ಲವೆಂದಾಗಲಿ ಆ ಕುಟುಂಬ ಪರಿಶುದ್ಧವಾಗಿತ್ತೆಂದಾಗಲಿ ಇದರ ಅರ್ಥವಲ್ಲ. ಒಬ್ಬ ವ್ಯಕ್ತಿಯ ದೇಹದ ನ್ಯೂನತೆಯನ್ನು ನೋಡಿ ಹಿಂದಕ್ಕೆ ಲೆಕ್ಕ ಹಾಕಿ ತಪ್ಪಿತಸ್ಥನನ್ನು ಹುಡುಕುವ ಅಭ್ಯಾಸವನ್ನು ಯೇಸು ಇಲ್ಲಿ ನಿಲ್ಲಿಸುತ್ತಾನೆ. ಶಿಷ್ಯರು ಹಿಂದಕ್ಕೆ ನೋಡಿ ಕಾರಣ ಕೇಳಿದರು, ಯೇಸು ಮುಂದಕ್ಕೆ ನೋಡಿ, ದೇವರ ಕ್ರಿಯೆಗಳು ಇವನಲ್ಲಿ ಪ್ರಕಟವಾಗಬೇಕು ಎಂದನು.

ಈ ಮಾತನ್ನು ಸಭೆಯಲ್ಲಿ ಬೋಧಿಸುವವರು ದಯವಿಟ್ಟು ಎಚ್ಚರಿಕೆ ವಹಿಸಬೇಕು. ದೃಷ್ಟಿಯಿಲ್ಲದ ವಿಶ್ವಾಸಿಯೊಬ್ಬರು ಎದುರಿಗೆ ಕುಳಿತಿರುವಾಗ ಕುರುಡುತನವನ್ನು ಪಾಪಕ್ಕೂ ಅವಿಶ್ವಾಸಕ್ಕೂ ಸಲೀಸಾಗಿ ಹೋಲಿಸಿ ಮಾತನಾಡುವುದು ಈ ಅಧ್ಯಾಯಕ್ಕೇ ವಿರುದ್ಧವಾದದ್ದು. ನೀನು ಪೂರಾ ಪಾಪದಲ್ಲಿ ಹುಟ್ಟಿದವನು ಎಂದು 34ನೆಯ ವಚನದಲ್ಲಿ ಆ ಮನುಷ್ಯನ ಮುಖಕ್ಕೆ ಹೇಳಿದವರು ಅವನನ್ನು ಹೊರಗೆ ಹಾಕಿದವರು, ಯೇಸುವಲ್ಲ. ಮೇಲಾಗಿ ಈ ಕಥೆಯಲ್ಲಿ ಅತ್ಯಂತ ವಿವೇಕದಿಂದ ನಡೆದುಕೊಂಡವನು ಆ ಮನುಷ್ಯನೇ, ಅದೂ ಕಣ್ಣು ಕಾಣದಿದ್ದಾಗಲೇ.

ಸಬ್ಬತ್ ದಿನದ ವಿವಾದಕ್ಕೂ ವಿಧೇಯತೆಗೂ ಏನು ಸಂಬಂಧ?

ಆ ದಿನ ಸಬ್ಬತ್, ಅಂದರೆ ಯೆಹೂದ್ಯರು ಕೆಲಸ ಬಿಟ್ಟು ವಿಶ್ರಮಿಸುವ ವಾರದ ಏಳನೆಯ ದಿನ, ಆಗಿತ್ತು. ಸುಮಾರು ಕ್ರಿ.ಶ. 200ರ ಹೊತ್ತಿಗೆ ಸಂಕಲಿತವಾದ ಮಿಷ್ನಾದಲ್ಲಿ ಸಬ್ಬತ್ತಿನಲ್ಲಿ ನಿಷಿದ್ಧವಾದ 39 ಬಗೆಯ ಕೆಲಸಗಳ ಪಟ್ಟಿಯಿದೆ, ಅದರಲ್ಲಿ ನಾದುವುದೂ ಒಂದು. ಉಗುಳು ಮತ್ತು ಮಣ್ಣನ್ನು ಕಲಸಿದ್ದು ಆಕ್ಷೇಪಕ್ಕೆ ಗುರಿಯಾದದ್ದು ಏಕೆಂದು ಇದರಿಂದ ತಿಳಿಯುತ್ತದೆ. ಫರಿಸಾಯರನ್ನು ಕೆಟ್ಟವರೆಂದು ಒಂದೇ ಮಾತಿನಲ್ಲಿ ತೀರ್ಮಾನಿಸುವುದು ನ್ಯಾಯವಲ್ಲ. ಅವರೂ ದೇವರಿಗೆ ವಿಧೇಯರಾಗಬೇಕೆಂದೇ ಬಯಸಿದವರು, ಅವರಲ್ಲಿಯೇ ಭೇದ ಹುಟ್ಟಿತೆಂದು 16ನೆಯ ವಚನ ಹೇಳುತ್ತದೆ. ಆದರೆ ಅವರ ವಿಧೇಯತೆ ಹಿಂದೆ ಕೇಳಿದ್ದರಲ್ಲಿಯೇ ನಿಂತುಬಿಟ್ಟಿತ್ತು. ಮೋಶೆಯ ಸಂಗಡ ದೇವರು ಮಾತನಾಡಿದನೆಂದು ನಾವು ಬಲ್ಲೆವು, ಇವನು ಎಲ್ಲಿಂದ ಬಂದವನೋ ಅರಿಯೆವು ಎಂದರು. ಎದುರಿಗೆ ನಿಂತಿದ್ದ, ನಿನ್ನೆಯವರೆಗೆ ಕುರುಡನಾಗಿದ್ದ ಮನುಷ್ಯನನ್ನು ನೋಡುವುದಕ್ಕೆ ಅವರಿಗೆ ಆಗಲಿಲ್ಲ.

ಅವನ ತಂದೆತಾಯಿಗಳು ಮಗನ ಪರವಾಗಿ ಏಕೆ ನಿಲ್ಲಲಿಲ್ಲ?

ಭಯದಿಂದ. ಯೇಸುವನ್ನು ಕ್ರಿಸ್ತನೆಂದು ಒಪ್ಪಿಕೊಂಡವರನ್ನು ಸಭಾಮಂದಿರದಿಂದ ಹೊರಗೆ ಹಾಕಬೇಕೆಂದು ಗೊತ್ತುಮಾಡಲಾಗಿತ್ತು. ಇದಕ್ಕೆ ಬಳಸಿರುವ ಗ್ರೀಕ್ ಪದ ಹೊಸ ಒಡಂಬಡಿಕೆಯಲ್ಲಿ ಯೋಹಾನನ ಸುವಾರ್ತೆಯ ಮೂರು ಕಡೆ ಮಾತ್ರ ಬರುತ್ತದೆ. ಇವನು ನಮ್ಮ ಮಗನು, ಕುರುಡನಾಗಿ ಹುಟ್ಟಿದವನು, ಇಷ್ಟು ಬಲ್ಲೆವು, ಉಳಿದದ್ದನ್ನು ಅವನನ್ನೇ ಕೇಳಿರಿ, ಪ್ರಾಯದವನಾಗಿದ್ದಾನೆ ಎಂದು ಅವರು ಜಾರಿಕೊಂಡರು. ಅವರನ್ನು ಖಂಡಿಸಲು ನನಗೆ ಮನಸ್ಸು ಬರುವುದಿಲ್ಲ. ಸಮುದಾಯದಿಂದ ಹೊರದೂಡಲ್ಪಡುವುದೆಂದರೆ ಆರಾಧನೆ, ನಂಟು, ಸಹಾಯ, ಮಾನ ಎಲ್ಲವನ್ನೂ ಒಂದೇ ಏಟಿಗೆ ಕಳೆದುಕೊಳ್ಳುವುದು. ಆದರೆ ಮಗನಿಗೆ ಮೊದಲ ಸಾರಿ ಅವರ ಮುಖಗಳು ಕಂಡ ದಿನವೇ ಅವರು ಅವನಿಂದ ಮುಖ ತಿರುಗಿಸಬೇಕಾಯಿತೆಂಬುದು ಈ ಅಧ್ಯಾಯದ ಅತ್ಯಂತ ನೋವಿನ ಸಾಲು.

ವಿಧೇಯನಾದವನಿಗೆ ಒಳ್ಳೆಯದಾಗಬೇಕಲ್ಲವೇ? ಅವನನ್ನು ಹೊರಗೆ ಹಾಕಿದ್ದೇಕೆ?

ವಿಧೇಯತೆ ತೊಂದರೆಗಳನ್ನು ದೂರವಿಡುತ್ತದೆಂದು ಈ ಅಧ್ಯಾಯ ಎಲ್ಲಿಯೂ ಹೇಳುವುದಿಲ್ಲ, ಇಲ್ಲಿ ಅವು ಬಂದದ್ದೇ ವಿಧೇಯತೆಯ ನಂತರ. ಕುರುಡನಾಗಿದ್ದಷ್ಟು ಕಾಲ ಅವನು ಯಾರಿಗೂ ಬೇಡದವನಾಗಿ, ಆದರೆ ಯಾರ ಕೋಪಕ್ಕೂ ಗುರಿಯಾಗದೆ, ಭಿಕ್ಷೆ ಬೇಡಿಕೊಂಡು ಬದುಕಿದ್ದನು. ಕಣ್ಣು ಬಂದ ಮೇಲೆ ಅವನು ಸಾಕ್ಷಿಯಾದನು, ಆದ್ದರಿಂದ ಅಪಾಯಕಾರಿಯಾದನು.

ಆ ವಿಚಾರಣೆಯಲ್ಲಿ ಅವನು ನಡೆದುಕೊಂಡ ರೀತಿಯನ್ನು ನಿಧಾನವಾಗಿ ಓದಬೇಕು. ತನಗೆ ತಿಳಿಯದ್ದನ್ನು ತಿಳಿದಂತೆ ಹೇಳಲಿಲ್ಲ. ಆತನು ಎಲ್ಲಿದ್ದಾನೆಂದು ಕೇಳಿದಾಗ ಅರಿಯೆನು ಎಂದನು. ಆತನು ಪಾಪಿಯೋ ಅಲ್ಲವೋ ನಾನರಿಯೆ, ಕುರುಡನಾಗಿದ್ದೆನು, ಈಗ ಕಣ್ಣು ಕಾಣುತ್ತದೆ, ಇದೊಂದನ್ನು ಬಲ್ಲೆನು ಎಂದನು. ಪಂಡಿತರು ನಾವು ಬಲ್ಲೆವು, ನಾವು ಬಲ್ಲೆವು ಎಂದು ಮತ್ತೆ ಮತ್ತೆ ಹೇಳುತ್ತಿದ್ದಾಗ, ಇವನು ತನಗೆ ನಿಶ್ಚಯವಾಗಿದ್ದ ಒಂದೇ ಸಂಗತಿಯನ್ನು ಹಿಡಿದು ನಿಂತನು, ಅದನ್ನು ಬಿಟ್ಟುಕೊಡಲು ಎಷ್ಟು ಒತ್ತಾಯಿಸಿದರೂ ಒಪ್ಪಲಿಲ್ಲ. ಕೊಳಕ್ಕೆ ಹೋದದ್ದು ಅವನ ವಿಧೇಯತೆಯ ಮೊದಲ ಭಾಗವಾದರೆ ಇದು ಎರಡನೆಯ ಭಾಗ, ಮತ್ತು ನನ್ನ ತಿಳಿವಳಿಕೆಯಲ್ಲಿ ಇದೇ ಹೆಚ್ಚು ಕಠಿಣವಾದದ್ದು. ಮೊದಲನೆಯದಕ್ಕೆ ಒಂದು ನಡಿಗೆ ಸಾಕಾಗಿತ್ತು. ಇಲ್ಲಿ ಯೇಸು ಹತ್ತಿರದಲ್ಲಿ ಇರಲಿಲ್ಲ, ಹೊಸದಾದ ಆಜ್ಞೆಯೂ ಇರಲಿಲ್ಲ, ತನಗೆ ಆದದ್ದನ್ನು ಆಗಲಿಲ್ಲವೆಂದು ಹೇಳಿದ್ದರೆ ಅವನು ಸುಖವಾಗಿ ಮನೆಗೆ ಹೋಗಬಹುದಿತ್ತು.

ಯೋಹಾನ 5ರಲ್ಲಿ ಗುಣವಾದ ಮನುಷ್ಯನೂ ವಿಧೇಯನಾದನಲ್ಲ? ಇಬ್ಬರಿಗೂ ವ್ಯತ್ಯಾಸವೇನು?

ಬೆಥೆಸ್ದ ಕೊಳದ ಬಳಿ 38 ವರ್ಷಗಳಿಂದ ರೋಗಿಯಾಗಿದ್ದವನಿಗೆ, ಎದ್ದು ಹಾಸಿಗೆಯನ್ನು ಎತ್ತಿಕೊಂಡು ನಡೆ ಎಂದು ಯೇಸು ಹೇಳಿದಾಗ ಅವನೂ ಹಾಗೆಯೇ ಮಾಡಿದನು. ಅದೂ ಸಬ್ಬತ್ ದಿನವೇ, ಅಲ್ಲಿಯೂ ಪ್ರಶ್ನಿಸುವವರಿದ್ದರು. ತನ್ನನ್ನು ಗುಣಪಡಿಸಿದವನೇ ಹಾಗೆ ಹೇಳಿದನೆಂದು ಅವನು ಹೊಣೆಯನ್ನು ಆಚೆಗೆ ದಾಟಿಸಿದನು, ಆಮೇಲೆ ಅದು ಯೇಸುವೆಂದು ಗೊತ್ತಾದಾಗ ಹೋಗಿ ತಿಳಿಸಿದನು. ಅವನ ಉದ್ದೇಶ ಕೆಟ್ಟದ್ದೆಂದು ಖಚಿತವಾಗಿ ಹೇಳಲಾಗದು. ಆದರೆ ಅವನು ಯೇಸುವಿನ ಪರವಾಗಿ ಒಂದು ಮಾತನ್ನೂ ಆಡಿದಂತೆ ಬರೆದಿಲ್ಲ, ನಂಬಿದನೆಂದೂ ಬರೆದಿಲ್ಲ. ದೇಹ ಗುಣವಾದರೂ ನಂಬಿಕೆ ಬೆಳೆಯದೆ ಉಳಿಯಬಹುದೆಂದು ಈ ಎರಡು ಪ್ರಸಂಗಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಿದಾಗ ತಿಳಿಯುತ್ತದೆ.

ನಾನು ನಂಬಿದೆ, ವಿಧೇಯನಾಗಿಯೂ ನಡೆದೆ, ಆದರೂ ಗುಣವಾಗಲಿಲ್ಲ. ನನ್ನ ನಂಬಿಕೆಯಲ್ಲಿ ಕೊರತೆ ಇದೆಯೇ?

ಹಾಗೆಂದು ತೀರ್ಪು ಕೊಡುವ ಅಧಿಕಾರವನ್ನು ಈ ಅಧ್ಯಾಯ ಯಾರಿಗೂ ಕೊಡುವುದಿಲ್ಲ. ಪೌಲನು ತನ್ನ ಶರೀರದಲ್ಲಿದ್ದ ಶೂಲವನ್ನು ತೆಗೆಯಬೇಕೆಂದು ಮೂರು ಸಾರಿ ಕರ್ತನನ್ನು ಬೇಡಿಕೊಂಡನು, ಅದು ಹೋಗಲಿಲ್ಲ. ನನ್ನ ಕೃಪೆಯೇ ನಿನಗೆ ಸಾಕು ಎಂಬ ಉತ್ತರ ಬಂದಿತು. ತನ್ನ ಜೊತೆಗಾರನಾದ ತ್ರೊಫಿಮನನ್ನು ಅಸ್ವಸ್ಥನಾಗಿರುವಾಗಲೇ ಮಿಲೇತದಲ್ಲಿ ಬಿಟ್ಟುಬಂದೆನೆಂದು ಅವನು ತಿಮೊಥೆಯನಿಗೆ ಬರೆಯುತ್ತಾನೆ, ತ್ರೊಫಿಮನ ನಂಬಿಕೆ ಕಡಿಮೆಯಾಗಿತ್ತೆಂದು ಸೇರಿಸುವುದಿಲ್ಲ. ಬಂಧನದ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸು ಪ್ರಾರ್ಥಿಸಿದರೂ ಕಷ್ಟದ ಪಾತ್ರೆ ತೊಲಗಲಿಲ್ಲ.

ಸಿಲೋವದಲ್ಲಿ ನಡೆದದ್ದನ್ನು ಯೋಹಾನನು ಸೂಚಕಕಾರ್ಯವೆಂದು ಕರೆಯುತ್ತಾನೆ. ಸೂಚಕಕಾರ್ಯ ಯೇಸು ಯಾರೆಂಬುದರ ಕಡೆಗೆ ಬೆರಳು ತೋರಿಸುತ್ತದೆ. ಇಷ್ಟು ನಂಬಿದರೆ ಇಷ್ಟು ಗುಣ ಎಂಬ ಸೂತ್ರವನ್ನು ಅದು ಬರೆದುಕೊಡುವುದಿಲ್ಲ. ವಾಗ್ದಾನವೇ ಇಲ್ಲದೆ ಹೊರಟವನ ಕಥೆಯನ್ನು ಫಲಿತಾಂಶದ ಖಾತರಿ ಪತ್ರವಾಗಿ ಮಾರ್ಪಡಿಸುವುದು ಅದರ ಹೃದಯವನ್ನೇ ಕಿತ್ತುಹಾಕಿದಂತೆ. ಬಹುಕಾಲ ಪ್ರಾರ್ಥಿಸಿ ದಣಿದವರಿಗೆ ನಿನ್ನ ನಂಬಿಕೆ ಸಾಲದು ಎಂದು ಹೇಳಿ ಗಾಯದ ಮೇಲೆ ಗಾಯ ಮಾಡುವುದನ್ನು ಕಂಡಾಗಲೆಲ್ಲ ನನಗೆ 2ನೆಯ ವಚನದಲ್ಲಿ ಶಿಷ್ಯರು ಕೇಳಿದ ಪ್ರಶ್ನೆಯೇ ಬೇರೆ ಉಡುಪಿನಲ್ಲಿ ಬಂದು ನಿಂತಂತೆ ಕಾಣುತ್ತದೆ.

ದೇವರು ನಿನಗೆ ಹೀಗೆ ಮಾಡಲು ಹೇಳಿದ್ದಾನೆ ಎಂದು ಯಾರಾದರೂ ಬಂದು ಹೇಳಿದರೆ ಪ್ರಶ್ನಿಸದೆ ವಿಧೇಯರಾಗಬೇಕೇ?

ಬೇಡ. ಆತ್ಮಗಳನ್ನು ಪರೀಕ್ಷಿಸಿರಿ ಎಂದು ಯೋಹಾನನ ಮೊದಲನೆಯ ಪತ್ರಿಕೆ ಆಜ್ಞಾಪಿಸುತ್ತದೆ, ಆದ್ದರಿಂದ ಪರೀಕ್ಷಿಸುವುದೂ ವಿಧೇಯತೆಯೇ. ಈ ಕಥೆಯಲ್ಲಿ ವಿಚಾರಣೆ ಮಾಡಿದವರೆಲ್ಲ ಆ ಮನುಷ್ಯನಿಗೆ ದೇವರ ಹೆಸರಿನಲ್ಲಿಯೇ ಆಜ್ಞಾಪಿಸಿದರು, ದೇವರನ್ನು ಘನಪಡಿಸು ಎಂದೇ ಒತ್ತಾಯಿಸಿದರು. ಅವನು ಅವರಿಗೆ ವಿಧೇಯನಾಗಲಿಲ್ಲ, ಆಗದೆ ಇದ್ದದ್ದೇ ಸರಿಯಾಗಿತ್ತು.

ಯೇಸು ಕೊಟ್ಟ ಆಜ್ಞೆಯ ಗುಣವನ್ನೂ ನೋಡಬೇಕು. ಅದು ಸರಳವಾಗಿತ್ತು, ಯಾರಿಗೂ ಹಾನಿ ಮಾಡುವಂಥದ್ದಾಗಿರಲಿಲ್ಲ, ಹಣ ಕೇಳಲಿಲ್ಲ, ಅವನನ್ನು ತನ್ನ ಹಿಡಿತದಲ್ಲಿ ಇಟ್ಟುಕೊಳ್ಳಲಿಲ್ಲ. ಗುಣವಾದವನನ್ನು ಜನರ ಮುಂದೆ ನಿಲ್ಲಿಸಿ ಪ್ರದರ್ಶಿಸುವುದಿರಲಿ, ಆ ಹೊತ್ತಿನಲ್ಲಿ ಯೇಸು ಅಲ್ಲಿ ಇರಲೂ ಇಲ್ಲ. ಔಷಧವನ್ನು ಬಿಟ್ಟುಬಿಡು, ವೈದ್ಯರ ಬಳಿಗೆ ಹೋಗಬೇಡ, ಅದೇ ನಂಬಿಕೆಯ ಗುರುತು ಎಂದು ಬೋಧಿಸುವವರು ಈ ಪ್ರಸಂಗವನ್ನು ಆಧಾರವಾಗಿ ತೋರಿಸುವುದುಂಟು. ಅಂಥ ಆಜ್ಞೆ ಇಲ್ಲಿ ಇಲ್ಲ. ಪೌಲನ ಜೊತೆಗಿದ್ದ ಲೂಕನನ್ನು ಪ್ರಿಯ ವೈದ್ಯನೆಂದು ಕೊಲೊಸ್ಸೆಯವರಿಗೆ ಬರೆದ ಪತ್ರಿಕೆ ಕರೆಯುತ್ತದೆ. ಚಿಕಿತ್ಸೆಯನ್ನು ನಿಲ್ಲಿಸುವಂತೆ ಯಾರೇ ಹೇಳಿದರೂ ಅದನ್ನು ಸಿಲೋವದ ಆಜ್ಞೆಯೊಡನೆ ಸಮಾನವಾಗಿ ಇಡಬಾರದು.

ಈ ಅಧ್ಯಾಯಕ್ಕೂ ದೀಕ್ಷಾಸ್ನಾನಕ್ಕೂ ಸಂಬಂಧ ಕಲ್ಪಿಸುವುದೇಕೆ?

ತೊಳೆಯುವಿಕೆ ಮತ್ತು ಬೆಳಕು ಒಂದೇ ಪ್ರಸಂಗದಲ್ಲಿ ಕೂಡಿಬಂದಿರುವುದರಿಂದ ಪುರಾತನ ಸಭೆ ಇದನ್ನು ದೀಕ್ಷಾಸ್ನಾನದ, ಅಂದರೆ ಕ್ರೈಸ್ತ ಸಭೆಗೆ ಸೇರಿಸಿಕೊಳ್ಳುವ ನೀರಿನ ಸಂಸ್ಕಾರದ, ಚಿತ್ರವಾಗಿ ಓದಿತು. ರೋಮನ್ ಕಥೋಲಿಕ ಸಭೆಯ ಮೂರು ವರ್ಷಗಳ ವಾಚನಕ್ರಮದ ಮೊದಲ ವರ್ಷದಲ್ಲಿ ಈಸ್ಟರಿಗೆ ಮುಂಚಿನ ತಪಸ್ಸುಕಾಲದ ನಾಲ್ಕನೆಯ ಭಾನುವಾರ ಇದನ್ನು ಓದಲಾಗುತ್ತದೆ. ಬೈಜಾಂಟಿಯನ್ ಪರಂಪರೆಯ ಆರ್ಥೊಡಾಕ್ಸ್ ಸಭೆಗಳಲ್ಲಿ ಈಸ್ಟರ್ ಕಾಲದ ಒಂದು ಭಾನುವಾರಕ್ಕೆ ಕುರುಡನ ಭಾನುವಾರವೆಂದೇ ಹೆಸರು.

ಅವನು ಯೇಸುವನ್ನು ಗುರುತಿಸಿದ್ದು ಹೇಗೆ?

ಅವನು ಆ ವರೆಗೆ ಯೇಸುವಿನ ಮುಖವನ್ನು ನೋಡಿರಲೇ ಇಲ್ಲ. ಕೆಸರು ಹಚ್ಚಿದಾಗ ಕಣ್ಣಿರಲಿಲ್ಲ, ಕಣ್ಣು ಬಂದಾಗ ಯೇಸು ಇರಲಿಲ್ಲ. ಯಾರಿಗಾಗಿ ಇಷ್ಟೆಲ್ಲ ವಾದಿಸಿದನೋ, ಯಾರಿಗಾಗಿ ಸಭಾಮಂದಿರವನ್ನು ಕಳೆದುಕೊಂಡನೋ ಆತನು ಹೇಗಿದ್ದಾನೆಂಬುದೇ ಅವನಿಗೆ ತಿಳಿದಿರಲಿಲ್ಲ. ಆದ್ದರಿಂದ ಮನುಷ್ಯಕುಮಾರನನ್ನು ನಂಬುತ್ತೀಯಾ ಎಂಬ ಪ್ರಶ್ನೆಗೆ, ಸ್ವಾಮೀ, ಆತನು ಯಾರು, ನಾನು ಆತನನ್ನು ನಂಬಬೇಕಲ್ಲ ಎಂದು ಅವನು ಮರುಪ್ರಶ್ನೆ ಹಾಕಿದ್ದು ಸಹಜವಾಗಿಯೇ ಇದೆ. ನೀನು ಆತನನ್ನು ನೋಡಿದ್ದೀ, ನಿನ್ನ ಸಂಗಡ ಮಾತನಾಡುವವನೇ ಆತನು ಎಂಬುದು ಯೇಸುವಿನ ಉತ್ತರ. ನೋಡಿದ್ದೀ ಎಂಬ ಆ ಪದವನ್ನು, ಹುಟ್ಟಿದಂದಿನಿಂದ ಏನನ್ನೂ ನೋಡದಿದ್ದವನಿಗೆ ಯೇಸು ಹೇಳಿದನು. ಆ ಧ್ವನಿಯನ್ನು ಮಾತ್ರ ಅವನು ಮೊದಲೇ ಬಲ್ಲವನಾಗಿದ್ದನು. ಮುಂದಿನ ಅಧ್ಯಾಯದಲ್ಲಿ ಯೇಸು ಕುರುಬನ ಧ್ವನಿಯನ್ನು ಗುರುತಿಸಿ ಹಿಂಬಾಲಿಸುವ ಕುರಿಗಳ ವಿಷಯವನ್ನೇ ಹೇಳಲಾರಂಭಿಸುವುದು ಈ ಕಾರಣದಿಂದ ಎಂದು ನಾನು ಭಾವಿಸುತ್ತೇನೆ.

ಈ ಅಧ್ಯಾಯವನ್ನು ಗುಂಪಿನಲ್ಲಿ ಅಧ್ಯಯನ ಮಾಡುವುದು ಹೇಗೆ?

ಸಾಧ್ಯವಾದರೆ ಪಾತ್ರಗಳನ್ನು ಹಂಚಿಕೊಂಡು ಗಟ್ಟಿಯಾಗಿ ಓದಿರಿ: ಒಬ್ಬರು ಯೇಸುವಿನ ಮಾತು, ಒಬ್ಬರು ಗುಣವಾದವನ ಮಾತು, ಇಬ್ಬರು ತಂದೆತಾಯಿಗಳದು, ಉಳಿದವರು ನೆರೆಯವರ ಮತ್ತು ಫರಿಸಾಯರದು. ಕೇಳುವವರು ಕಣ್ಣು ಮುಚ್ಚಿಕೊಳ್ಳಲಿ. 7ನೆಯ ವಚನದಲ್ಲಿ ಓದುವುದನ್ನು ನಿಲ್ಲಿಸಿ, ಈಗ ಇವನಿಗೆ ತಿಳಿದಿರುವುದೇನು, ತಿಳಿಯದಿರುವುದೇನು ಎಂದು ಕೇಳಿರಿ. 34ನೆಯ ವಚನದಲ್ಲಿ ಮತ್ತೆ ನಿಲ್ಲಿಸಿರಿ, ಅವನನ್ನು ಹೊರಗೆ ಹಾಕಿದರು ಎಂಬ ಮಾತಾದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತನಾಡದೆ ಕುಳಿತಿರಿ. ಆಮೇಲೆ 35ನೆಯ ವಚನವನ್ನು, ಯೇಸುವಿನ ಮಾತನ್ನು ಓದುವವರ ಧ್ವನಿಯಿಂದಲೇ ಆರಂಭಿಸಿರಿ.